ಲಾರ್ಜ್ ಫಾರ್ಮ್ಯಾಟ್ ಫಿಲ್ಮ್ ಕ್ಯಾಮೆರಾದಲ್ಲಿ ಕೊಡಗಿನ ಪ್ರವಾಸಿಗರ ಸಹಜ ಚಿತ್ರಗಳು: ಸಮಗ್ರ ಮಾರ್ಗದರ್ಶಿ

ಮುಕ್ಕಾಲಿಯ ಮೇಲೆ ನಿಂತ ಮರದ ಕ್ಯಾಮೆರಾ, ಅದರ ಹಿಂದೆ ಕಪ್ಪು ಬಟ್ಟೆ ಹೊದ್ದು ಬಗ್ಗಿದ ಮನುಷ್ಯ: ಇಂಥ ದೃಶ್ಯವನ್ನು ಮಡಿಕೇರಿಯ ರಾಜಾಸೀಟಿನಲ್ಲಿ ಯಾರೂ ಗಮನಿಸದೆ ಹೋಗುವುದಿಲ್ಲ. ಆದ್ದರಿಂದ ಬಚ್ಚಿಟ್ಟುಕೊಂಡು ಚಿತ್ರ ತೆಗೆಯುವ ಆಲೋಚನೆಯನ್ನು ಮೊದಲೇ ಬಿಟ್ಟುಬಿಡಬೇಕು. ದೊಡ್ಡ ಫಿಲ್ಮ್ ಹಾಳೆಗಳನ್ನು ಬಳಸುವ ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾದಲ್ಲಿ ಸಹಜತೆ ಬರುವುದು ಕಾಯುವುದರಿಂದ. ಚೌಕಟ್ಟು, ಫೋಕಸ್, ಎಕ್ಸ್‌ಪೋಷರ್ ಎಲ್ಲವನ್ನೂ ಜನ ಬರುವ ಮೊದಲೇ ಒಂದು ಜಾಗಕ್ಕೆ ಹೊಂದಿಸಿಟ್ಟು, ಕ್ಯಾಮೆರಾದ ಪಕ್ಕದಲ್ಲಿ ಸುಮ್ಮನೆ ನಿಂತು, ಜನ ನಿಮ್ಮನ್ನು ನೋಡಿ, ವಿಚಾರಿಸಿ, ಬೇಸತ್ತು, ತಮ್ಮ ಪಾಡಿಗೆ ತಾವು ಹೋಗುವವರೆಗೆ ತಾಳಿಕೊಳ್ಳುವುದೇ ಇಲ್ಲಿನ ವಿಧಾನ. ಈ ಲೇಖನದಲ್ಲಿ ಬರುವ ಎಲ್ಲ ಹಂತಗಳೂ ಆ ಕಾಯುವಿಕೆಗೆ ಮಾಡಿಕೊಳ್ಳುವ ತಯಾರಿಗಳೇ.

ಇಷ್ಟು ಕಷ್ಟಪಡುವುದಕ್ಕೆ ಕಾರಣವೂ ಇದೆ. 4×5 ಇಂಚಿನ ನೆಗೆಟಿವ್‌ನ ವಿಸ್ತೀರ್ಣ 35 ಮಿ.ಮೀ. ಫಿಲ್ಮಿನ ಒಂದು ಚೌಕಟ್ಟಿಗಿಂತ ಸುಮಾರು 13 ಪಟ್ಟು ದೊಡ್ಡದು. ಬೆಟ್ಟ, ಮಂಜು, ಕಂಬಿ, ಜನಜಂಗುಳಿ ಎಲ್ಲವನ್ನೂ ಒಳಗೊಂಡ ವಿಶಾಲ ಚಿತ್ರದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿ ಕಾಣುವ ಕುಟುಂಬದ ಮುಖಭಾವಗಳನ್ನೂ ದೊಡ್ಡ ಮುದ್ರಣದಲ್ಲಿ ಓದಬಹುದು. ಜರ್ಮನಿಯ ಥಾಮಸ್ ಸ್ಟ್ರೂತ್ ವಸ್ತುಸಂಗ್ರಹಾಲಯಗಳಲ್ಲಿ ಚಿತ್ರಕಲೆ ನೋಡುತ್ತ ನಿಂತ ಪ್ರವಾಸಿಗರನ್ನೂ, ಇಟಲಿಯ ಮಾಸ್ಸಿಮೋ ವಿತಾಲಿ ಎತ್ತರದ ಅಟ್ಟಣೆಯ ಮೇಲಿಂದ ಕಡಲತೀರದ ಜನರನ್ನೂ ತೆಗೆದದ್ದು ದೊಡ್ಡ ಕ್ಯಾಮೆರಾಗಳಲ್ಲಿಯೇ. ಇಬ್ಬರೂ ಜನರ ಹತ್ತಿರ ನುಗ್ಗಲಿಲ್ಲ. ದೂರ ನಿಂತು, ಇಡೀ ಸನ್ನಿವೇಶವನ್ನು ಹಿಡಿದು, ವಿವರಗಳನ್ನು ಫಿಲ್ಮಿಗೆ ಬಿಟ್ಟರು.

ಕ್ಯಾಮೆರಾ ಮತ್ತು ಲೆನ್ಸ್

ಈ ಕೆಲಸಕ್ಕೆ 4×5 ಅಳತೆ ಸಾಕು. 8×10 ಕ್ಯಾಮೆರಾವನ್ನು ಅಬ್ಬಿ ಜಲಪಾತದ ಮೆಟ್ಟಿಲುಗಳಲ್ಲಿ ಹೊತ್ತಿಳಿಸಿ ಮತ್ತೆ ಹೊತ್ತು ಹತ್ತುವ ಉತ್ಸಾಹವಿರುವವರನ್ನು ನಾನು ತಡೆಯುವುದಿಲ್ಲ, ಆದರೆ ಶಿಫಾರಸನ್ನಂತೂ ಮಾಡುವುದಿಲ್ಲ. 4×5ರಲ್ಲಿ ಎರಡು ಬಗೆಯ ಕ್ಯಾಮೆರಾಗಳು ಉಪಯುಕ್ತ. ಒಂದು, ಮಡಚಬಹುದಾದ ಫೀಲ್ಡ್ ಕ್ಯಾಮೆರಾ. ವಿಸ್ಟಾ, ಟೊಯೊ, ಇಂಟ್ರೆಪಿಡ್ ಮುಂತಾದವು ಈ ಗುಂಪಿನವು. ಇವುಗಳಲ್ಲಿ ಲೆನ್ಸ್ ಫಲಕವನ್ನು ಮೇಲಕ್ಕೆತ್ತಬಹುದು, ಓರೆ ಮಾಡಬಹುದು, ಪಕ್ಕಕ್ಕೆ ತಿರುಗಿಸಬಹುದು. ಇನ್ನೊಂದು, ಹಳೆಯ ಪತ್ರಿಕಾ ಛಾಯಾಗ್ರಾಹಕರ ಕ್ಯಾಮೆರಾ. ಅಮೆರಿಕದಲ್ಲಿ 1912ರಿಂದ 1973ರವರೆಗೆ ತಯಾರಾದ ಸ್ಪೀಡ್ ಗ್ರಾಫಿಕ್ ಮತ್ತು ಅದರ ಹಗುರ ರೂಪವಾದ ಕ್ರೌನ್ ಗ್ರಾಫಿಕ್ ಇದರಲ್ಲಿ ಪ್ರಸಿದ್ಧ. ಇವನ್ನು ಕೈಯಲ್ಲಿ ಹಿಡಿದೇ ಬಳಸಬಹುದು, ಆದರೆ ಲೆನ್ಸನ್ನು ಪಕ್ಕಕ್ಕೆ ತಿರುಗಿಸುವ ಸೌಲಭ್ಯ ಇವುಗಳಲ್ಲಿ ಇಲ್ಲ. ಅದೇಕೆ ಮುಖ್ಯ ಎಂಬುದು ರಾಜಾಸೀಟಿನ ವಿಷಯ ಬಂದಾಗ ತಿಳಿಯುತ್ತದೆ.

ಲೆನ್ಸ್ 135 ಅಥವಾ 150 ಮಿ.ಮೀ. ಇರಲಿ. 4×5ರಲ್ಲಿ ಇದು ಕಣ್ಣಿನ ನೋಟಕ್ಕೆ ಹತ್ತಿರವಾದ ಕೋನವನ್ನು ಕೊಡುತ್ತದೆ. ಇಕ್ಕಟ್ಟಾದ ಜಾಗಗಳಿಗೆ 90 ಮಿ.ಮೀ. ಇದ್ದರೆ ಅನುಕೂಲ. ಲೆನ್ಸಿನೊಳಗೇ ಇರುವ ಲೀಫ್ ಶಟರಿನ ಸದ್ದು ತೀರ ಸಣ್ಣ ಟಿಕ್ ಮಾತ್ರ, ಗದ್ದಲದಲ್ಲಿ ಅದು ಕೇಳಿಸುವುದೇ ಇಲ್ಲ. ಸ್ಪೀಡ್ ಗ್ರಾಫಿಕ್‌ನ ಹಿಂಬದಿಯ ಪರದೆ ಶಟರಿನ ಸದ್ದಿಗಾದರೋ ಜನ ತಿರುಗಿ ನೋಡುತ್ತಾರೆ. ಕೊಡಗಿನ ತೇವಕ್ಕೆ ಹಳೆಯ ಶಟರುಗಳ ನಿಧಾನ ವೇಗಗಳು ಅಂಟಿಕೊಳ್ಳುವುದೂ, ಲೆನ್ಸಿನ ಒಳಗೆ ಬೂಷ್ಟು ಹಿಡಿಯುವುದೂ ಸಾಮಾನ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸುಗಳನ್ನು ಚರ್ಮದ ಚೀಲದಲ್ಲಿ ಇಡದೆ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು. ಲೆನ್ಸಿಗೂ ಕ್ಯಾಮೆರಾದ ಹಿಂಭಾಗಕ್ಕೂ ನಡುವೆ ಮಡಿಕೆ ಮಡಿಕೆಯಾಗಿರುವ ಬೆಲ್ಲೋಸನ್ನು ವರ್ಷಕ್ಕೊಮ್ಮೆಯಾದರೂ ಕತ್ತಲೆ ಕೋಣೆಯಲ್ಲಿ ಒಳಗಿನಿಂದ ಟಾರ್ಚ್ ಬಿಟ್ಟು ಪರೀಕ್ಷಿಸಿ. ಮಡಿಕೆಯ ಮೂಲೆಗಳಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿಗೆ ಕಪ್ಪು ಬಣ್ಣ ಅಥವಾ ಕಪ್ಪು ಟೇಪು ಹಾಕಬೇಕು.

ಫಿಲ್ಮ್ ತುಂಬುವುದು

ಜನರ ಚಲನೆಯನ್ನು ಹಿಡಿಯಬೇಕಾದ್ದರಿಂದ ಐಎಸ್‌ಒ 400ರ (ಬೆಳಕಿಗೆ ಬೇಗ ಸ್ಪಂದಿಸುವ) ಫಿಲ್ಮೇ ಆಗಬೇಕು. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಕಪ್ಪುಬಿಳುಪಿಗೆ ಒಳ್ಳೆಯ ಆಯ್ಕೆ. ಎಕ್ಸ್‌ಪೋಷರ್ ಒಂದು ಸ್ಟಾಪ್ (ಅಂದರೆ ಬೆಳಕು ಇಮ್ಮಡಿ ಅಥವಾ ಅರ್ಧ) ಆಚೀಚೆಯಾದರೂ ಅದು ಸಹಿಸಿಕೊಳ್ಳುತ್ತದೆ. ಬಣ್ಣ ಬೇಕೆನ್ನುವವರಿಗೆ ಕೊಡಾಕ್ ಪೋರ್ಟ್ರಾ 400 ಇದೆ.

ಶೀಟ್ ಫಿಲ್ಮನ್ನು ಪೂರ್ಣ ಕತ್ತಲೆಯಲ್ಲಿ ಹೋಲ್ಡರಿಗೆ (ಹಾಳೆ ಹಿಡಿದಿಡುವ ಚಪ್ಪಟೆ ಚೌಕಟ್ಟಿಗೆ) ತುಂಬಬೇಕು. ಹಾಳೆಯನ್ನು ಉದ್ದವಾಗಿ ಹಿಡಿದಾಗ ಅಂಚಿನ ಕಚ್ಚುಗಳು ಬಲಗಡೆಯ ಮೇಲ್ಮೂಲೆಯಲ್ಲಿ ಬೆರಳಿಗೆ ತಗುಲಿದರೆ ಬೆಳಕು ಗ್ರಹಿಸುವ ಎಮಲ್ಷನ್ ಬದಿ ನಿಮ್ಮತ್ತ ಇದೆ ಎಂದರ್ಥ. ಹಾಳೆಯ ಎರಡೂ ಅಂಚುಗಳು ಹೋಲ್ಡರಿನ ತೋಡಿನೊಳಗೆ ಜಾರಿವೆಯೇ ಎಂದು ಉಗುರಿನಿಂದ ತಡವಿ ನೋಡಿ, ನಂತರ ಬೆಳಕು ತಡೆಯುವ ಜಾರುಹಲಗೆಯಾದ ಡಾರ್ಕ್ ಸ್ಲೈಡ್ ಮುಚ್ಚಬೇಕು. ಸ್ಲೈಡಿನ ಹಿಡಿಯ ಬಿಳಿ ಬದಿ ಹೊರಗಿದ್ದರೆ ಬಳಸದ ಫಿಲ್ಮ್, ಕಪ್ಪು ಬದಿ ಹೊರಗಿದ್ದರೆ ಬಳಸಿದ್ದು. ಈ ರೂಢಿಯನ್ನು ಎಂದೂ ಬದಲಿಸಬೇಡಿ. ಫ್ರಿಜ್‌ನಲ್ಲಿಟ್ಟ ಫಿಲ್ಮ್ ಪೆಟ್ಟಿಗೆಯನ್ನು ಹೊರತೆಗೆದ ಕೂಡಲೇ ಬಿಚ್ಚಿದರೆ ಮಳೆಗಾಲದ ಗಾಳಿಯ ತೇವವೆಲ್ಲ ಹಾಳೆಗಳ ಮೇಲೆ ಕೂರುತ್ತದೆ. ಕೆಲವು ಗಂಟೆ ಹೊರಗಿಟ್ಟು ಕೋಣೆಯ ಉಷ್ಣತೆಗೆ ಬಂದ ಮೇಲೆಯೇ ಬಿಚ್ಚಬೇಕು. ಕೈ ತೂರಿಸಿ ಕೆಲಸ ಮಾಡುವ ಕತ್ತಲೆ ಚೀಲವಾದ ಚೇಂಜಿಂಗ್ ಬ್ಯಾಗಿನಲ್ಲಿ ತುಂಬುವವರು ಕೈ ಬೆವರುವ ಮೊದಲೇ ಕೆಲಸ ಮುಗಿಸಬೇಕು, ಇಲ್ಲವಾದರೆ ಬೆರಳಚ್ಚುಗಳು ಆಕಾಶದ ಭಾಗದಲ್ಲಿ ಸ್ಪಷ್ಟವಾಗಿ ಕಾಣಿಸುತ್ತವೆ.

ಜಾಗದ ಆಯ್ಕೆ

ಒಳ್ಳೆಯ ಜಾಗಕ್ಕೆ ಎರಡು ಗುಣಗಳಿರಬೇಕು: ಜನ ಅಲ್ಲಿಗೆ ತಾವಾಗಿಯೇ ಬಂದು ನಿಲ್ಲಬೇಕು, ಮತ್ತು ನಿಂತಾಗ ಅವರ ಗಮನವನ್ನು ಸೆಳೆಯುವ ಬೇರೇನಾದರೂ ಅಲ್ಲಿರಬೇಕು.

ರಾಜಾಸೀಟಿನ ಪಶ್ಚಿಮದ ಕಂಬಿಸಾಲು ಇದಕ್ಕೆ ಹೇಳಿ ಮಾಡಿಸಿದ್ದು. ಸಂಜೆ ಸೂರ್ಯ ಇಳಿಯುವ ಹೊತ್ತಿಗೆ ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಸಾಲಾಗಿ ನಿಲ್ಲುತ್ತಾರೆ. ಹಿಂದೆ ಕಮಾನುಗಳಿಂದ ಕೂಡಿದ ನಾಲ್ಕು ಕಂಬಗಳ ಪುಟ್ಟ ಮಂಟಪವಿದೆ. ಕಾವೇರಿ ನಿಸರ್ಗಧಾಮದ ತೂಗುಸೇತುವೆಯಲ್ಲಿ ಜನರ ಗಮನವೆಲ್ಲ ತಮ್ಮ ಕಾಲಿನ ಮೇಲೆಯೇ ಇರುತ್ತದೆ, ಆದರೆ ಕ್ಯಾಮೆರಾವನ್ನು ಸೇತುವೆಯ ಮೇಲಿಡದೆ ದಡದ ಗಟ್ಟಿ ನೆಲದಲ್ಲಿಯೇ ಇಡಬೇಕು. ದುಬಾರೆಯಲ್ಲಿ ಬೆಳಿಗ್ಗೆ ಆನೆ ನೋಡಲು ದೋಣಿಗಾಗಿ ಕಾಯುವ ಸಾಲು, ಆನೆಗಿಂತ ಒಳ್ಳೆಯ ವಸ್ತು. ಮಾಂದಲಪಟ್ಟಿ ಎಷ್ಟೇ ಚೆಂದವಿದ್ದರೂ ಅಲ್ಲಿನ ಗಾಳಿ ಬೆಲ್ಲೋಸನ್ನು ಹಾಯಿಯಂತೆ ಉಬ್ಬಿಸುತ್ತದೆ. ನನ್ನ ಮಟ್ಟಿಗೆ ಅದು ಚಿಕ್ಕ ಕ್ಯಾಮೆರಾಗಳ ಜಾಗ. ಕುಶಾಲನಗರದಿಂದ ಹೊಳೆ ದಾಟಿದರೆ ಸಿಗುವ ಬೈಲಕುಪ್ಪೆಯ ನಮ್ಡ್ರೋಲಿಂಗ್ ಮಠ ಮೈಸೂರು ಜಿಲ್ಲೆಗೆ ಸೇರಿದ್ದು, ಆದರೆ ಕೊಡಗಿಗೆ ಬರುವ ಅನೇಕ ಪ್ರವಾಸಿಗರು ಅಲ್ಲಿ ಇಳಿದೇ ಬರುತ್ತಾರೆ. ಅಂಗಳದಲ್ಲಿ ಕೆಲಸ ಮಾಡಬಹುದೇ ಎಂದು ಮಠದವರನ್ನು ಕೇಳಿಕೊಳ್ಳಿ.

ಇವೆಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ಅಬ್ಬಿ ಜಲಪಾತದ ಮೆಟ್ಟಿಲುಗಳು. ಎಲ್ಲರೂ ಜಲಪಾತದ ಎದುರು ಕ್ಯಾಮೆರಾ ಇಡಲು ಹೋಗುತ್ತಾರೆ. ಅಲ್ಲಿ ಜನ ಚಿತ್ರಕ್ಕಾಗಿಯೇ ನಿಂತಿರುತ್ತಾರೆ, ಮೇಲಾಗಿ ಮಳೆಗಾಲದಲ್ಲಿ ನೀರಿನ ಹನಿಗಳು ನಿಮಿಷದೊಳಗೆ ಲೆನ್ಸನ್ನು ಮುಚ್ಚಿಬಿಡುತ್ತವೆ. ಕಾಫಿ ತೋಟದ ನಡುವೆ ಇಳಿದು ಹೋಗುವ ದಾರಿಯಲ್ಲಿ ಮಾತ್ರ ಬೇರೆಯೇ ನಾಟಕ ನಡೆಯುತ್ತಿರುತ್ತದೆ. ಇಳಿಯುವವರು ಕೂದಲು ಸರಿಮಾಡಿಕೊಳ್ಳುತ್ತ, ನಗುತ್ತ, ಫೋನು ಸಿದ್ಧಮಾಡಿಕೊಳ್ಳುತ್ತ ಇಳಿಯುತ್ತಾರೆ. ಹತ್ತುವವರಿಗೆ ಆ ಪರಿವೆಯಿರುವುದಿಲ್ಲ. ಸೆರಗಿನಿಂದ ಮುಖ ಒರೆಸಿಕೊಳ್ಳುವ ಅಜ್ಜಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದ ಹುಡುಗಿ, ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಕಂಬಿಗೆ ಒರಗಿದ ಅಪ್ಪ, ನೀರಿನ ಬಾಟಲಿಗಾಗಿ ಪರಸ್ಪರ ಗದರಿಕೊಳ್ಳುವ ಗೆಳೆಯರು: ಏದುಸಿರಿನಲ್ಲಿರುವ ಮನುಷ್ಯನಿಗೆ ಕ್ಯಾಮೆರಾ ಕಂಡರೂ ಲೆಕ್ಕಕ್ಕಿಲ್ಲ. ಜನ ದಣಿವಾರಿಸಿಕೊಳ್ಳಲು ನಿಲ್ಲುವ ತಿರುವನ್ನು ಗುರುತಿಸಿ, ಅದಕ್ಕಿಂತ ಕೆಲವು ಮೆಟ್ಟಿಲು ಮೇಲೆ, ದಾರಿಗೆ ಅಡ್ಡವಾಗದಂತೆ ಟ್ರೈಪಾಡ್ ಇಡಬೇಕು.

ಅನುಮತಿಯ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ರಾಜಾಸೀಟು ತೋಟಗಾರಿಕೆ ಇಲಾಖೆಯ ಸುಪರ್ದಿಯಲ್ಲಿದೆ. ನಿಸರ್ಗಧಾಮ ಮತ್ತು ದುಬಾರೆ ಅರಣ್ಯ ಇಲಾಖೆಗೆ ಸೇರಿವೆ. ಫೋನಿನ ಚಿತ್ರಕ್ಕೆ ಯಾರೂ ಏನೂ ಅನ್ನದಿದ್ದರೂ ಟ್ರೈಪಾಡ್ ಕಂಡ ಕೂಡಲೇ ಸಿಬ್ಬಂದಿ ಬಂದು ವಿಚಾರಿಸುತ್ತಾರೆ. ಟಿಕೆಟ್ ಕೊಳ್ಳುವಾಗಲೇ ಕ್ಯಾಮೆರಾವನ್ನು ತೋರಿಸಿ, ವ್ಯಾಪಾರಕ್ಕಲ್ಲವೆಂದು ತಿಳಿಸಿ, ಎಲ್ಲಿ ನಿಲ್ಲಬಹುದೆಂದು ಕೇಳಿ. ಹಾಗೆ ಕೇಳಿದವರಿಗೆ ನೆರಳಿನ ಜಾಗವನ್ನು ಸಿಬ್ಬಂದಿಯೇ ತೋರಿಸಿಕೊಟ್ಟದ್ದೂ ಉಂಟು.

ಫೋಕಸನ್ನು ನೆಲಕ್ಕೆ ಕಟ್ಟುವುದು

ಕ್ಯಾಮೆರಾದ ಹಿಂಬದಿಯ ಮಸುಕು ಗಾಜಾದ ಗ್ರೌಂಡ್ ಗ್ಲಾಸಿನ ಮೇಲೆ ಚಿತ್ರ ತಲೆಕೆಳಗಾಗಿಯೂ ಎಡಬಲ ಅದಲುಬದಲಾಗಿಯೂ ಕಾಣುತ್ತದೆ. ಫಿಲ್ಮ್ ಹೋಲ್ಡರ್ ಹಾಕಿದ ಮೇಲೆ ಅದೂ ಕಾಣುವುದಿಲ್ಲ. ಹೀಗಾಗಿ ನಡೆದಾಡುವ ಮನುಷ್ಯನನ್ನು ಹಿಂಬಾಲಿಸಿ ಫೋಕಸ್ ಮಾಡುವ ಪ್ರಶ್ನೆಯೇ ಇಲ್ಲ. ನೆಲದ ಒಂದು ಗುರುತಿಗೆ ಫೋಕಸ್ ಮಾಡಿ, ಮನುಷ್ಯ ಆ ಗುರುತಿಗೆ ಬರುವವರೆಗೆ ಕಾಯಬೇಕು. ಕಲ್ಲುಹಾಸಿನ ಸಂದು, ಮೆಟ್ಟಿಲಿನ ಅಂಚು, ಕಂಬಿಯ ಒಂದು ಗೂಟ ಯಾವುದಾದರೂ ಆದೀತು. ಅಪರ್ಚರನ್ನು (ಲೆನ್ಸಿನೊಳಗಿನ ಬೆಳಕಿನ ರಂಧ್ರ; ಎಫ್ ಅಂಕಿ ದೊಡ್ಡದಾದಷ್ಟೂ ರಂಧ್ರ ಕಿರಿದು) ಪೂರ್ತಿ ತೆರೆದು, ಕಪ್ಪು ಬಟ್ಟೆಯೊಳಗೆ ಭೂತಗನ್ನಡಿಯಿಂದ ನೋಡಿ ಆ ಗುರುತನ್ನು ಸ್ಪಷ್ಟಗೊಳಿಸಿ, ತಿರುಪನ್ನು ಬಿಗಿಮಾಡಿ. ಅನಂತರ ಬಟ್ಟೆಯಿಂದ ಹೊರಬಂದು ಚೌಕಟ್ಟಿನ ಎಡ ಬಲ ಅಂಚುಗಳಲ್ಲಿ ಏನೇನಿದೆ ಎಂಬುದನ್ನು ಬರಿಗಣ್ಣಿನಿಂದ ಗುರುತಿಟ್ಟುಕೊಳ್ಳಿ: ಎಡಕ್ಕೆ ಸಿಲ್ವರ್ ಓಕ್ ಮರ, ಬಲಕ್ಕೆ ದೀಪದ ಕಂಬ ಎಂಬಂತೆ. ಇನ್ನು ಮುಂದೆ ನಿಮ್ಮ ವ್ಯೂಫೈಂಡರ್ ಅದೇ.

ಎಷ್ಟು ಆಳದವರೆಗೆ ಸ್ಪಷ್ಟವಾಗಿರುತ್ತದೆ ಎಂಬ ಲೆಕ್ಕ ಬಾಯಲ್ಲಿರಬೇಕು. 135 ಮಿ.ಮೀ. ಲೆನ್ಸನ್ನು 5 ಮೀಟರಿಗೆ ಫೋಕಸ್ ಮಾಡಿ ಎಫ್/16 ಇಟ್ಟರೆ ಸುಮಾರು 3.5 ಮೀಟರಿನಿಂದ 9 ಮೀಟರಿನವರೆಗೆ ಸ್ಪಷ್ಟ. ಎಫ್/11ರಲ್ಲಿ ಇದು 3.8ರಿಂದ 7 ಮೀಟರಿಗೆ ಇಳಿಯುತ್ತದೆ. ಎಫ್/5.6ರಲ್ಲಿ ಉಳಿಯುವುದು ಬರೀ ಒಂದೂವರೆ ಮೀಟರ್, ಅಂದರೆ ಜನ ಒಂದು ಹೆಜ್ಜೆ ಮುಂದೆ ಬಂದರೂ ಮುಖ ಮಸುಕು. ಅದೇ ಲೆನ್ಸನ್ನು ಎಫ್/22ರಲ್ಲಿ ಸುಮಾರು 8 ಮೀಟರಿಗೆ ಫೋಕಸ್ ಮಾಡಿದರೆ 4 ಮೀಟರಿನಿಂದ ದೂರದ ಬೆಟ್ಟದವರೆಗೆ ಎಲ್ಲವೂ ಸಿಗುತ್ತದೆ.

ರಾಜಾಸೀಟಿನ ಕಂಬಿಯ ಪಕ್ಕದಲ್ಲಿ ನಿಂತು ಉದ್ದಕ್ಕೆ ನೋಡಿದರೆ ಜನರ ಸಾಲು ಹತ್ತಿರದಿಂದ ದೂರಕ್ಕೆ ಓರೆಯಾಗಿ ಸರಿಯುತ್ತದೆ. ಇಲ್ಲಿ ಅಪರ್ಚರ್ ಕಿರಿದು ಮಾಡಿದರೆ ಸಂಜೆಯ ಬೆಳಕು ಸಾಲುವುದಿಲ್ಲ. ಫೀಲ್ಡ್ ಕ್ಯಾಮೆರಾದ ಬೆಲೆ ತಿಳಿಯುವುದು ಈಗ. ಕಂಬಿ ಯಾವ ಬದಿಯಲ್ಲಿ ಹತ್ತಿರವಿದೆಯೋ ಆ ಬದಿಗೆ ಲೆನ್ಸಿನ ಮುಖವನ್ನು ತುಸು ತಿರುಗಿಸಿ. ಕಂಬಿ ಕ್ಯಾಮೆರಾದಿಂದ 2 ಮೀಟರ್ ಪಕ್ಕಕ್ಕಿದ್ದರೆ 150 ಮಿ.ಮೀ. ಲೆನ್ಸಿಗೆ ಸುಮಾರು 4 ಡಿಗ್ರಿ ಸಾಕು. ಆಗ ಸ್ಪಷ್ಟತೆಯ ಸಮತಲ ಕ್ಯಾಮೆರಾಕ್ಕೆ ಎದುರಾಗಿ ನಿಲ್ಲುವ ಬದಲು ಕಂಬಿಯ ಗುಂಟ ಮಲಗುತ್ತದೆ. ಎಫ್/8ರಲ್ಲಿಯೂ ಹತ್ತಿರ ನಿಂತ ಮದುಮಕ್ಕಳಿಂದ ಹಿಡಿದು ತುದಿಯಲ್ಲಿ ಚುರುಮುರಿ ತಿನ್ನುವವರವರೆಗೆ ಸಾಲೆಲ್ಲ ಸ್ಪಷ್ಟವಾಗಿರುತ್ತದೆ. ಹತ್ತಿರದ ಗೂಟಕ್ಕೆ ಫೋಕಸ್ ಮಾಡಿ, ದೂರದ ಗೂಟವನ್ನು ನೋಡುತ್ತ ಲೆನ್ಸ್ ತಿರುಗಿಸಿ, ಮತ್ತೆ ಹತ್ತಿರದ್ದನ್ನು ಸರಿಪಡಿಸಿ. ಎರಡು ಮೂರು ಸಲ ಹೀಗೆ ಮಾಡಿದರೆ ಎರಡೂ ಕೂಡಿಬರುತ್ತವೆ. ಲೆನ್ಸನ್ನು ಮುಂದಕ್ಕೆ ಬಾಗಿಸುವ ಚಲನೆಯನ್ನು ಮಾತ್ರ ಇಲ್ಲಿ ಬಳಸಬೇಡಿ, ನೆಲ ಸ್ಪಷ್ಟವಾಗಿ ತಲೆಗಳು ಮಸುಕಾಗುತ್ತವೆ.

ಬೆಳಕಿನ ಲೆಕ್ಕ

ನಡೆಯುವ ಜನರಿಗೆ 1/125 ಸೆಕೆಂಡು ಕನಿಷ್ಠ, ಅಡ್ಡ ಹಾಯುವವರಿಗೆ 1/250 ಉತ್ತಮ. ಐಎಸ್‌ಒ 400ರಲ್ಲಿ ಡಿಸೆಂಬರಿನ ಸ್ವಚ್ಛ ಬಿಸಿಲಿಗೆ ಎಫ್/16, 1/400. ಮೋಡ ಕವಿದ ದಿನಕ್ಕೆ ಎಫ್/8, 1/400 ಅಥವಾ ಅಷ್ಟೇ ಬೆಳಕು ಕೊಡುವ ಎಫ್/11, 1/200. ನಿಸರ್ಗಧಾಮದ ಬಿದಿರು ಮೆಳೆಗಳ ಕೆಳಗೆ ನೆರಳು ದಟ್ಟವಾಗಿದ್ದು, ಎಫ್/5.6ರಲ್ಲಿ 1/100 ಸಿಕ್ಕರೆ ಪುಣ್ಯ. ಅಂಥಲ್ಲಿ ಕುಳಿತವರನ್ನು ಮಾತ್ರ ತೆಗೆಯಿರಿ.

ಮಂಜು ಬೆಳಕಿನ ಮೀಟರಿಗೆ ಮೋಸ ಮಾಡುತ್ತದೆ. ವಸ್ತುವಿನಿಂದ ಪ್ರತಿಫಲಿಸಿದ ಬೆಳಕನ್ನು ಅಳೆಯುವ ಮೀಟರ್ ಬಿಳಿ ಮಂಜನ್ನು ನೋಡಿ ಬೆಳಕು ಹೆಚ್ಚಿದೆಯೆಂದು ತಿಳಿಯುತ್ತದೆ. ಅದು ಹೇಳಿದಂತೆ ಕೇಳಿದರೆ ಮಂಜು ಬೂದಿಬಣ್ಣವಾಗಿ, ಮುಖಗಳು ಕಪ್ಪಾಗುತ್ತವೆ. ಒಂದು ಸ್ಟಾಪ್ ಹೆಚ್ಚು ಕೊಡಬೇಕು. ಸೂರ್ಯಾಸ್ತದ ಎದುರು ಬೆಳಕಿನಲ್ಲಿ ಒಂದು ಸಣ್ಣ ಭಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿನಿಂದ ನಿಮ್ಮ ಅಂಗೈಯ ಹಿಂಬದಿಯನ್ನು ಜನರ ಮುಖದ ಮೇಲೆ ಬೀಳುವ ಬೆಳಕಿನಲ್ಲೇ ಹಿಡಿದು ಅಳೆಯಿರಿ. ಪಾಶ್ಚಾತ್ಯ ಕೈಪಿಡಿಗಳು ಚರ್ಮದ ಬಣ್ಣವನ್ನು ಮೀಟರಿನ ಮಾನದಂಡವಾದ ಮಧ್ಯಬೂದಿಗಿಂತ ಒಂದು ಸ್ಟಾಪ್ ಮೇಲಿಡಬೇಕೆನ್ನುತ್ತವೆ. ಅದು ಬಿಳಿಯ ಚರ್ಮದ ಲೆಕ್ಕ. ನಮ್ಮ ಕಂದು ಬಣ್ಣಕ್ಕೆ ಮೀಟರ್ ತೋರಿಸಿದ ಅಂಕಿಯೇ ಸರಿಹೊಂದುತ್ತದೆ. ಸೂರ್ಯ ಮುಳುಗಿದ ಮೇಲೆ ಎಫ್/5.6, 1/60ಕ್ಕೆ ಇಳಿದಾಗ ಎಚ್‌ಪಿ5 ಪ್ಲಸ್ ಅನ್ನು 800 ಎಂದು ಪರಿಗಣಿಸಿ ಮುಂದುವರಿಯಬಹುದು, ಆದರೆ ಆ ಹೋಲ್ಡರಿನ ಮೇಲೆ ಗುರುತು ಬರೆದಿಡಬೇಕು.

ಕಾಯುವುದು, ಒತ್ತುವುದು

ಕ್ರಮ ಹೀಗಿರಲಿ. ಫೋಕಸ್ ಮುಗಿದ ಮೇಲೆ ಶಟರನ್ನು ಮುಚ್ಚಿ, ಅಪರ್ಚರನ್ನು ಲೆಕ್ಕದ ಅಂಕಿಗೆ ತಂದು, ವೇಗವನ್ನು ಇಟ್ಟು, ಶಟರನ್ನು ಕಾಕ್ ಮಾಡಿ (ಸ್ಪ್ರಿಂಗ್ ಬಿಗಿದು ಸಿದ್ಧಮಾಡಿ), ಹೋಲ್ಡರ್ ಇಲ್ಲದಿರುವಾಗಲೇ ಒಮ್ಮೆ ಒತ್ತಿ ನೋಡಿ, ಮತ್ತೆ ಕಾಕ್ ಮಾಡಿ. ಹೋಲ್ಡರನ್ನು ಕ್ಯಾಮೆರಾ ಅಲುಗದಂತೆ ಜಾರಿಸಿ, ಅದರ ಅಂಚು ತೋಡಿನಲ್ಲಿ ಕೂತ ಸಣ್ಣ ಸದ್ದನ್ನು ಕೇಳಿಸಿಕೊಳ್ಳಿ. ಕ್ಯಾಮೆರಾದ ಹಿಂಭಾಗಕ್ಕೆ ಕಪ್ಪು ಬಟ್ಟೆ ಹೊದೆಸಿ, ಲೆನ್ಸಿನ ಕಡೆಯ ಡಾರ್ಕ್ ಸ್ಲೈಡನ್ನು ನೇರವಾಗಿ ಎಳೆಯಿರಿ. ಓರೆಯಾಗಿ ಎಳೆದರೆ ಮೂಲೆಯಿಂದ ಬೆಳಕು ನುಗ್ಗುತ್ತದೆ. ಎಳೆದ ಸ್ಲೈಡನ್ನು ಕಪ್ಪು ಬದಿ ಹೊರಕ್ಕಿರುವಂತೆ ಕೈಯಲ್ಲಿಯೇ ಹಿಡಿದು, ಇನ್ನೊಂದು ಕೈಯಲ್ಲಿ ಶಟರ್ ಒತ್ತುವ ತಂತಿಯಾದ ಕೇಬಲ್ ರಿಲೀಸ್ ಹಿಡಿದು, ಕ್ಯಾಮೆರಾದಿಂದ ಒಂದು ಹೆಜ್ಜೆ ಪಕ್ಕಕ್ಕೆ ನಿಲ್ಲಿ. ಬಿಸಿಲಿನಲ್ಲಿ ಸ್ಲೈಡ್ ತೆಗೆದಿಟ್ಟು ಹೆಚ್ಚು ಹೊತ್ತು ಕಾಯುವುದು ಬೇಡ. ಐದು ನಿಮಿಷದಲ್ಲಿ ಏನೂ ಆಗದಿದ್ದರೆ ಮತ್ತೆ ಮುಚ್ಚಿ.

ಚಿಕ್ಕ ಕ್ಯಾಮೆರಾದವನ ಮುಖ ಕ್ಯಾಮೆರಾದ ಹಿಂದೆ ಅಡಗುತ್ತದೆ. ನಿಮ್ಮ ಮುಖ ಎಲ್ಲರಿಗೂ ಕಾಣುತ್ತದೆ, ಮತ್ತು ನೀವು ಎತ್ತ ನೋಡುತ್ತೀರೋ ಜನರೂ ಅತ್ತಲೇ ನೋಡುತ್ತಾರೆ. ಬೆಟ್ಟದ ಕಡೆ ನೋಡುತ್ತ ನಿಂತು, ಕಣ್ಣಂಚಿನಲ್ಲಿ ಚೌಕಟ್ಟನ್ನು ಗಮನಿಸುವುದನ್ನು ರೂಢಿಸಿಕೊಳ್ಳಬೇಕು.

ಮೊದಲ ಹತ್ತು ನಿಮಿಷ ಪ್ರಶ್ನೆಗಳ ಸಮಯ. “ಸರ್ವೆ ಮಾಡ್ತಿದ್ದೀರಾ ಸಾರ್?” ಎಂಬುದು ಮೊದಲನೆಯದು. “ಇದು ಯಾವ ಕಾಲದ್ದು ಅಂಕಲ್, ಇನ್ನೂ ಫಿಲ್ಮ್ ಸಿಗುತ್ತಾ?” ಎಂಬುದು ಎರಡನೆಯದು. ಸಾವಧಾನವಾಗಿ ಉತ್ತರಿಸಿ. ಮಕ್ಕಳಿಗೆ ಗ್ರೌಂಡ್ ಗ್ಲಾಸಿನಲ್ಲಿ ತಲೆಕೆಳಗಾದ ಅಪ್ಪ ಅಮ್ಮನನ್ನು ತೋರಿಸಿ. ಪೋಸು ಕೊಟ್ಟು ನಿಂತವರಿಗೆ ನಕ್ಕು ಕೈ ಬೀಸಿ. ಅದಕ್ಕಾಗಿ ಫಿಲ್ಮ್ ಖರ್ಚು ಮಾಡಬೇಡಿ. ಸ್ವಲ್ಪ ಹೊತ್ತಿಗೆ ಆ ಕುಟುಂಬ ತನ್ನ ಮಾತಿಗೆ ಮರಳುತ್ತದೆ: ಅಮ್ಮ ಮಗುವಿನ ಸ್ವೆಟರಿನ ಗುಂಡಿ ಹಾಕುತ್ತಾಳೆ, ಅಪ್ಪ ಫೋನಿನಲ್ಲಿ ಹೋಮ್‌ಸ್ಟೇಯವರೊಂದಿಗೆ ಜೋರಾಗಿ ಮಾತನಾಡುತ್ತಾನೆ, ಅಜ್ಜ ಎಲ್ಲರಿಗೂ ಬೆನ್ನು ಹಾಕಿ ಕಣಿವೆ ನೋಡುತ್ತಾನೆ. ಅದು ನಿಮ್ಮ ಕ್ಷಣ. ಚಿತ್ರ ತೆಗೆಯುತ್ತಿದ್ದೀರೆಂದು ಅವರಿಗೆ ಗೊತ್ತು, ಆದರೆ ಈಗ ಅದು ಅವರ ಮನಸ್ಸಿನಲ್ಲಿ ಇಲ್ಲ. ಗೊತ್ತಿದ್ದೂ ಮರೆತವರ ಚಿತ್ರಕ್ಕೆ ಕದ್ದು ತೆಗೆದ ಚಿತ್ರದಲ್ಲಿ ಇಲ್ಲದ ಒಂದು ನೆಮ್ಮದಿಯಿರುತ್ತದೆ ಎಂಬುದು ನನ್ನ ಅನುಭವ.

ಕೈಯಲ್ಲಿ ಹಿಡಿದು ತೆಗೆಯಬಯಸುವವರು ಕ್ರೌನ್ ಗ್ರಾಫಿಕ್‌ನ ತಂತಿ ಚೌಕಟ್ಟಿನಲ್ಲಿ ನೋಡುತ್ತ, ದೂರವನ್ನು ಮೊದಲೇ ನಿಗದಿ ಮಾಡಿಕೊಂಡು ನಡೆಯಬೇಕು. ನ್ಯೂಯಾರ್ಕಿನ ಪತ್ರಿಕಾ ಛಾಯಾಗ್ರಾಹಕ ವೀಜಿ ಹತ್ತು ಅಡಿ ದೂರ, ಎಫ್/16, 1/200 ಎಂದು ಇಟ್ಟುಕೊಂಡೇ ಫ್ಲ್ಯಾಶ್ ಹಾರಿಸಿ ರಾತ್ರಿಯ ಬೀದಿಗಳನ್ನು ತೆಗೆದವನು. ಫ್ಲ್ಯಾಶನ್ನು ನಾವು ಬಿಡೋಣ, ದೂರವನ್ನು ಗೊತ್ತುಮಾಡಿಕೊಳ್ಳುವ ಶಿಸ್ತನ್ನು ಮಾತ್ರ ತೆಗೆದುಕೊಳ್ಳೋಣ. ಆರು ಹಾಳೆ ಹಿಡಿಸುವ ಗ್ರಾಫ್‌ಮ್ಯಾಟಿಕ್ ಹೋಲ್ಡರ್ ಸಿಕ್ಕರೆ ಈ ವಿಧಾನ ಬಹಳ ಸುಲಭವಾಗುತ್ತದೆ.

ತೆಗೆಯಬಾರದ ಚಿತ್ರಗಳೂ ಇವೆ. ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ, ಇರ್ಪು ಜಲಪಾತದಲ್ಲಿ ಸ್ನಾನ ಮಾಡುವವರು, ಬಟ್ಟೆ ಬದಲಿಸುವವರು ನಿಮ್ಮ ವಸ್ತುವಲ್ಲ. ಅಂಥ ಸಂದರ್ಭದಲ್ಲಿ ಮಹಿಳೆಯರ ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಅಪರಾಧವೂ ಹೌದು. ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ತಲಕಾವೇರಿಗೆ ಬರುವವರು ಪ್ರವಾಸಿಗರಲ್ಲ, ಭಕ್ತರು. ಅಂದು ಕ್ಯಾಮೆರಾ ಮನೆಯಲ್ಲಿರಲಿ. ಒಂಟಿ ಮಗುವಿನ ಮುಖ ದೊಡ್ಡದಾಗಿ ಬರುವ ಚಿತ್ರಕ್ಕೆ ಹೆತ್ತವರನ್ನು ಕೇಳಬೇಕು. ಬೇಡವೆಂದು ಯಾರಾದರೂ ಕೈ ಅಡ್ಡ ಹಿಡಿದರೆ ಅವರೆದುರಿಗೇ ಡಾರ್ಕ್ ಸ್ಲೈಡ್ ಮುಚ್ಚಿ. ಒತ್ತಿದ ಮೇಲೆ ಹತ್ತಿರ ಹೋಗಿ ವಿಷಯ ತಿಳಿಸಿ, ವಿಳಾಸ ಕೊಟ್ಟವರಿಗೆ ಪ್ರಿಂಟ್ ಕಳಿಸಿ.

ಡೆವಲಪಿಂಗ್

ಪ್ರತಿ ಹೋಲ್ಡರಿನ ಅಂಕಿಯ ಮುಂದೆ ಸ್ಥಳ, ಬೆಳಕು, ಅಪರ್ಚರ್, ವೇಗವನ್ನು ಅಂದೇ ಬರೆದಿಡಿ. ಎಚ್‌ಪಿ5 ಪ್ಲಸ್ ಅನ್ನು ಐಡಿ-11 ಡೆವಲಪರಿನ ಮೂಲ ದ್ರಾವಣದಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಏಳೂವರೆ ನಿಮಿಷ, ಅದಕ್ಕೆ ಸಮಪ್ರಮಾಣದ ನೀರು ಬೆರೆಸಿದರೆ 13 ನಿಮಿಷ ಇಡಬೇಕು. 800 ಎಂದು ತೆಗೆದ ಹಾಳೆಗಳಿಗೆ ಮೂಲ ದ್ರಾವಣದಲ್ಲಿ ಹತ್ತೂವರೆ ನಿಮಿಷ. ಬಯಲುಸೀಮೆಯವರು ಐಸ್ ಹಾಕಿ ತರುವ ಈ ಉಷ್ಣತೆ ಕೊಡಗಿನಲ್ಲಿ ವರ್ಷದ ಹಲವು ತಿಂಗಳು ನಲ್ಲಿಯ ನೀರಿನಲ್ಲಿಯೇ ಸಿಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಬಿಸಿನೀರು ಬೆರೆಸಬೇಕಾಗಬಹುದು. ಟ್ರೇಯಲ್ಲಿ ಹಲವು ಹಾಳೆಗಳನ್ನು ಒಟ್ಟಿಗೆ ತಿರುವುವವರು ಉಗುರು ಕತ್ತರಿಸಿಕೊಂಡಿರಬೇಕು, ಒದ್ದೆ ಎಮಲ್ಷನ್ ಬೇಗ ಗೀರುತ್ತದೆ.

ಮಳೆಗಾಲದಲ್ಲಿ ಕಷ್ಟವೆಲ್ಲ ಒಣಗಿಸುವುದರಲ್ಲಿ. ಹಾಳೆಗಳನ್ನು ಒಂದು ಮೂಲೆಗೆ ಕ್ಲಿಪ್ ಹಾಕಿ, ಧೂಳಿಲ್ಲದ ಬಚ್ಚಲುಮನೆಯಲ್ಲಿ ಒಂದಕ್ಕೊಂದು ತಾಗದಂತೆ ತೂಗುಹಾಕಿ, ರಾತ್ರಿಯೆಲ್ಲ ಬಿಡಿ. ಒಲೆಯ ಹತ್ತಿರವಾಗಲಿ ಹೀಟರಿನ ಎದುರಾಗಲಿ ಇಡಬೇಡಿ, ಹಾಳೆ ಸುರುಟಿಕೊಂಡು ನೀರಿನ ಕಲೆ ಉಳಿಯುತ್ತದೆ. ಮುಟ್ಟಿದರೆ ಒಣಗಿದಂತೆ ಕಂಡರೂ ಅಂಚುಗಳಲ್ಲಿ ಪಸೆಯಿರುವುದರಿಂದ ಮರುದಿನ ಮಧ್ಯಾಹ್ನದವರೆಗೆ ಲಕೋಟೆಗೆ ಹಾಕಬಾರದು. ಸ್ಕ್ಯಾನ್ ಮಾಡಿದ ನಂತರ ನೆಗೆಟಿವ್‌ಗಳನ್ನು ಒಂದೊಂದಾಗಿ ಕಾಗದದ ಲಕೋಟೆಯಲ್ಲಿಟ್ಟು, ಲೆನ್ಸುಗಳಿರುವ ಡಬ್ಬಿಯಂಥದೇ ಇನ್ನೊಂದು ಡಬ್ಬಿಯಲ್ಲಿ ಜೋಡಿಸಿ, ಅದರ ಸಿಲಿಕಾ ಜೆಲ್ಲನ್ನು ಬಣ್ಣ ಬದಲಾದಾಗಲೆಲ್ಲ ಬಿಸಿಮಾಡಿ ಒಣಗಿಸಿ ಮತ್ತೆ ಹಾಕುತ್ತಿರಬೇಕು.